ಒಂದು ಪಾಯಿಂಟ್ ಎಂಟರ ಹಗೆ

ವಿಜಾಪುರದ ದಾನಪ್ಪ ಇಂಟರ್ ಅರ್ಧಕ್ಕೇ ಬಿಟ್ಟು ಮುಂಬಯಿಗೆ ಬಂದವನು. ಘಾಟ್ಕೋಪರಿನ ಶೇಂಗಾ ಎಣ್ಣೆ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಸತ್ಯಮೂರ್ತಿಯವರ ಕೈಕೆಳಗೆ ಗುಮಾಸ್ತನಾದ. ಮೈಸೂರಿನವರಾದ ಸತ್ಯಮೂರ್ತಿ ಕನ್ನಡದವನೆಂಬ ಅಭಿಮಾನದಿಂದ ತಾವೇ ಕರೆದು ಕೆಲಸ ಕೊಟ್ಟಿದ್ದರು. ಯುಗಾದಿಗೆ ಸಾಂತಾಕ್ರೂಜಿನ ಮನೆಯಲ್ಲಿ ಎಲೆ ಹಾಕಿ ಊಟವನ್ನೂ ಬಡಿಸಿದ್ದರು. ಅದಕ್ಕೇ ಮುಂದೆ ನಡೆದದ್ದು ದಾನಪ್ಪನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು.

ಐವತ್ಮೂರನೆಯ ಇಸವಿ. ಬಿಸಿ ಎಣ್ಣೆಯನ್ನು ತಣಿಸುವ ಯಂತ್ರ ವಿಲಾಯಿತಿಯಿಂದ ಬರಬೇಕಿತ್ತು. ಎಣ್ಣೆಯ ವಿಶಿಷ್ಟೋಷ್ಣ ಎಷ್ಟು, ಅಂದರೆ ಅದು ಒಂದು ಡಿಗ್ರಿ ಕಾಯಲು ಎಷ್ಟು ಶಾಖ ಬೇಕು ಎಂದು ಅಲ್ಲಿಯವರು ಕೇಳಿದ್ದರು. ಕಾರ್ಖಾನೆಯ ಪ್ರಯೋಗಶಾಲೆ ಗ್ರಾಮು, ಸೆಂಟಿಗ್ರೇಡುಗಳಲ್ಲಿ ಅಳೆದು ಅರ್ಧ ಕ್ಯಾಲರಿ ಎಂದಿತ್ತು. ವಿಲಾಯಿತಿಯವರಿಗೆ ಪೌಂಡು, ಫ್ಯಾರನ್‌ಹೀಟುಗಳಲ್ಲಿ ಬೇಕು. ಸತ್ಯಮೂರ್ತಿ ಪೆನ್ಸಿಲಿನಲ್ಲಿ ಆ ಅರ್ಧವನ್ನು, ಒಂದು ಸೆಂಟಿಗ್ರೇಡು ಡಿಗ್ರಿಗೆ ಎಷ್ಟು ಫ್ಯಾರನ್‌ಹೀಟು ಡಿಗ್ರಿಯೋ ಆ ಒಂದು ಪಾಯಿಂಟ್ ಎಂಟರಿಂದ ಭಾಗಿಸಿ ಟೈಪಿಗೆ ಕೊಟ್ಟರು.

ದಾನಪ್ಪ ಕಾಗದ ನೋಡಿ ನಿಂತ. "ಸಾಹೇಬ್ರ, ಇದನ್ನ ಭಾಗಿಸೂದು ಬ್ಯಾಡ್ರಿ. ಕ್ಯಾಲರಿನೂ ನೀರಿನ ಮ್ಯಾಲೆ ಕಟ್ಟಿದ ಅಳತಿ, ಅವರ ಶಾಖದ ಅಳತಿ ಬಿಟಿಯುನೂ ನೀರಿನ ಮ್ಯಾಲೆ ಕಟ್ಟಿದ್ದು. ನೀರಿಗೆ ಬೇಕಾದ್ದರ ಅರ್ಧ ಶಾಖಾ ಎಣ್ಣಿಗೆ ಸಾಕು. ಇಲ್ಲೂ ಅರ್ಧ, ಅಲ್ಲೂ ಅರ್ಧ."

"ಡಿಗ್ರಿ ಸಣ್ಣದಾದರೆ ಅಂಕಿ ಸಣ್ಣದಾಗಬೇಡವೇನ್ರೀ? ಇಂಟರ್ ಮುಗಿಸದೋರು ನನಗೆ ಪಾಠ ಹೇಳಕ್ಕೆ ಬರ್ತೀರಾ? ಹೋಗಿ, ಟೈಪ್ ಮಾಡಿ."

ಅವನು ಟೈಪ್ ಮಾಡಿದ. ಆದರೆ ಪೆನ್ಸಿಲಿನ ಆ ಕಾಗದವನ್ನು ಬುಟ್ಟಿಗೆ ಎಸೆಯದೆ ಜೇಬಿಗಿಟ್ಟುಕೊಂಡ.

ಆ ಸಣ್ಣ ಅಂಕಿಗೆ ತಕ್ಕಂತೆ ಬಂದ ಯಂತ್ರ ಬೇಕಾದ್ದಕ್ಕಿಂತ ತೀರ ಚಿಕ್ಕದು. ಎಣ್ಣೆ ತಣಿಯಲಿಲ್ಲ. ನಾನೂರು ಡಬ್ಬಿ ಕಮಟು ವಾಸನೆ ಹಿಡಿದು ವಾಪಸು ಬಂದವು. ವಿಚಾರಣೆಯಲ್ಲಿ ಸತ್ಯಮೂರ್ತಿ, "ಗುಮಾಸ್ತ ಟೈಪಿನಲ್ಲಿ ಯಾವುದೋ ಅಂಕಿ ಕೆಡಿಸಿದ್ದಾನೆ" ಎಂದರು. ಹಾಗೆಂದು ಅವರು ನಂಬಿಯೂ ಇದ್ದರು; ತಮ್ಮ ಭಾಗಾಕಾರವೇ ತಪ್ಪಿರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ಗುಮಾಸ್ತನ ಮಾತನ್ನು ಯಾರೂ ಕೇಳಲಿಲ್ಲ; ಕಾಗದ ಜೇಬಿನಲ್ಲೇ ಉಳಿಯಿತು. ದಾನಪ್ಪನ ಕುರ್ಚಿ ಹೋಯಿತು. ಬಾಯ್ಲರಿನ ಮುಂದೆ ನಿಂತು ಮಾಪಕದ ಮುಳ್ಳು ನೋಡಿ ಬರೆಯುವ ಕೆಲಸಕ್ಕೆ ಹಾಕಿದರು.

ಐದು ವರ್ಷ ಅಲ್ಲಿ ಬೆಂದ. ಹೆಂಡತಿ ಚಂದ್ರವ್ವ, "ಮರೀರಿ ಇನ್ನ. ಹಗಿ ಇಟಗೊಂಡ್ರ ಹೊಟ್ಟಿ ತುಂಬತದೇನು?" ಎನ್ನುತ್ತಿದ್ದಳು. ಅವನು ಸತ್ಯಮೂರ್ತಿ ಎದುರಾದಾಗಲೆಲ್ಲ ನಮಸ್ಕಾರ ಮಾಡುತ್ತಿದ್ದ. ಅವರ ಕತ್ತಿನ ಹಿಂಭಾಗ ಮರೆಯಾಗುವವರೆಗೂ ನೋಡುತ್ತ ನಿಲ್ಲುತ್ತಿದ್ದ.

ಐವತ್ತೆಂಟರಲ್ಲಿ ಸರ್ಕಾರ ಮೆಟ್ರಿಕ್ ತೂಕ ತಂದಿತು. ಕಾರ್ಖಾನೆಯ ಹಳೆಯ ಅಳತೆಗಳನ್ನೆಲ್ಲ ಬದಲಿಸುವ ಪಟ್ಟಿಯನ್ನು ಸತ್ಯಮೂರ್ತಿ ತಯಾರಿಸಿದರು. ಅವರು ಮ್ಯಾನೇಜರ್ ಆಗುವುದೂ ಆಗಲೇ ನಿಶ್ಚಯವಾಗಿತ್ತು. ಬಾಯ್ಲರಿನ ಗೋಡೆಗೆ ಅಂಟಿಸಿದ ಪ್ರತಿಯನ್ನು ದಾನಪ್ಪ ಓದಿದ. ಎಣ್ಣೆ: ವಿಲಾಯಿತಿ ಪುಸ್ತಕದ ಅರ್ಧ ಬಿಟಿಯು ಎಂದರೆ ಸೊನ್ನೆ ಪಾಯಿಂಟ್ ಒಂಬತ್ತು ಕ್ಯಾಲರಿ. ಅದೇ ಒಂದು ಪಾಯಿಂಟ್ ಎಂಟು! ಈ ಸಲ ಭಾಗಿಸುವ ಬದಲು ಗುಣಿಸಿದ್ದರು.

ಓಡಿಹೋಗಿ ಹೇಳಿದ್ದರೆ ಒಂದು ಗೀಟಿನಲ್ಲಿ ಸರಿಹೋಗುತ್ತಿತ್ತು. ಹೇಳಲಿಲ್ಲ. ಪಟ್ಟಿಗೆ ಸಹಿ ಬಿದ್ದು, ಪ್ರೆಸ್ಸಿನಲ್ಲಿ ಅಚ್ಚಾಗಿ, ಫೋರ್ಟಿನ ಹೆಡ್ಡಾಫೀಸಿನಿಂದ ದೊಡ್ಡ ಸೇಠರು ಅದನ್ನು ನೋಡಲು ಬರುವತನಕ ಕಾದ.

ಅಂದು ಮಧ್ಯಾಹ್ನ ಸೇಠರು ಸತ್ಯಮೂರ್ತಿಯವರೊಂದಿಗೆ ಪ್ರಯೋಗಶಾಲೆಗೆ ಬಂದಾಗ ದಾನಪ್ಪ ಕೈಮುಗಿದು ಅಡ್ಡ ನಿಂತ. ತನಗೆ ಹತ್ತು ನಿಮಿಷ ಕೊಡಬೇಕೆಂದು ಹಿಂದಿಯಲ್ಲಿ ಬೇಡಿಕೊಂಡ. ಸೇಠರಿಗೆ ತಮಾಷೆ ಅನ್ನಿಸಿ ಒಪ್ಪಿದರು. ಎರಡು ಒಂದೇ ತರಹದ ವಿದ್ಯುತ್ ಒಲೆ; ಒಂದರ ಮೇಲೆ ಒಂದು ಸೇರು ತೂಕದ ನೀರು, ಇನ್ನೊಂದರ ಮೇಲೆ ಅಷ್ಟೇ ತೂಕದ ಎಣ್ಣೆ. ಎರಡರಲ್ಲೂ ಉಷ್ಣಮಾಪಕ.

"ಈ ಪಟ್ಟಿ ಖರೆ ಆದ್ರ, ಎಣ್ಣಿ ಹೆಚ್ಚು ಕಡಿಮಿ ನೀರಿನಷ್ಟ ತಡಾ ಮಾಡಿ ಕಾಯಬೇಕು," ಎಂದು ಸತ್ಯಮೂರ್ತಿಯವರ ಕಡೆ ತಿರುಗಿ ಕನ್ನಡದಲ್ಲಿ ಹೇಳಿ, ಅದನ್ನೇ ಸೇಠರಿಗೆ ಹಿಂದಿಯಲ್ಲಿ ಹೇಳಿದ.

ನೀರು ಇಪ್ಪತ್ತು ಡಿಗ್ರಿ ಏರುವಷ್ಟರಲ್ಲಿ ಎಣ್ಣೆ ನಲವತ್ತರ ಹತ್ತಿರ ಏರಿತ್ತು. ಸೇಠರು ಬಗ್ಗಿ ತಾವೇ ಓದಿದರು. ನಗು ಹೋಯಿತು. ಆಗ ದಾನಪ್ಪ ಐದು ವರ್ಷದ ಹಿಂದಿನ ಪೆನ್ಸಿಲಿನ ಕಾಗದವನ್ನು ಅವರ ಕೈಗಿಟ್ಟ. ಕೈಬರಹ ಯಾರದೆಂದು ಯಾರೂ ಕೇಳಬೇಕಾಗಲಿಲ್ಲ.

ಮ್ಯಾನೇಜರ್ ಹುದ್ದೆ ಬೇರೆಯವರಿಗೆ ಹೋಯಿತು. ದಾನಪ್ಪನಿಗೆ ಕುರ್ಚಿ ಮರಳಿ ಸಿಕ್ಕಿತು. ರಾಜೀನಾಮೆ ಬರೆದುಕೊಟ್ಟ ದಿನ ಸತ್ಯಮೂರ್ತಿ ಅವನ ಮೇಜಿನ ಬಳಿ ಬಂದು ನಿಂತರು.

"ಗೊತ್ತಿದ್ದೂ ಸುಮ್ಮನಿದ್ರಲ್ಲ, ದಾನಪ್ಪ. ನನಗೆ ಒಂದು ಮಾತು ಹೇಳಬಾರದಿತ್ತೇ?"

"ಹೇಳಿದ್ನಲ್ರಿ, ಐವತ್ಮೂರರಾಗ."

ಅವರು ತಲೆ ತಗ್ಗಿಸಿ ಹೋದರು. ದಾನಪ್ಪ ಏಳಲಿಲ್ಲ.

ಸಂಜೆ ಚಾಳಿನ ಕೋಣೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಚಂದ್ರವ್ವ ಕೇಳಿದಳು: "ಆ ಮನ್ಯಾಗ ಒಂದಿನಾ ಉಂಡಿದ್ರಿ. ಚೂರೂ ಕಸಿವಿಸಿ ಆಗ್ಲಿಲ್ಲೇನು?"

ಅವನು ತಟ್ಟೆಯನ್ನು ಹತ್ತಿರ ಎಳೆದುಕೊಂಡ. "ಇಲ್ಲ," ಎಂದ. ನಿಜವನ್ನೇ ಹೇಳಿದ್ದ.