ಬಜೆ ಬೆಳೆಯುವ ಹೊಂಡ

ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ. ಕ್ಯಾಂಪ್‌ಬೆಲ್ಲಿನ ಅಪಾರ್ಟ್‌ಮೆಂಟಿನಲ್ಲಿ ಮಗು ಮಲಗಿದಾಗಲೆಲ್ಲ ಲೈಬ್ರರಿ ಪುಸ್ತಕ ತೆರೆದಿಟ್ಟುಕೊಂಡು ವೆಬ್ ಪೇಜು ಮಾಡುವುದನ್ನು ಕಲಿತೆ. ಸುತ್ತಲಿನವರೆಲ್ಲ ಇಂಟರ್ನೆಟ್ಟಿನಿಂದ ಶ್ರೀಮಂತರಾಗುತ್ತಿದ್ದ ಕಾಲ. ನನಗೆ ಸಿಕ್ಕ ಗಿರಾಕಿ ಕೆಳಗಿನ ಮನೆಯ ಲಿಥುವೇನಿಯಾದ ಅಜ್ಜಿ ಒಬ್ಬರೇ. ಯುದ್ಧದ ಕಾಲದಲ್ಲಿ, ಇನ್ನೂ ಹುಡುಗಿಯಾಗಿದ್ದಾಗ, ಮನೆಯವರ ಜೊತೆ ಗಾಡಿ ಹತ್ತಿ ಊರು ಬಿಟ್ಟವರು. ಮತ್ತೆ ಹೋಗಿರಲಿಲ್ಲ. ತಮ್ಮ ಹಳ್ಳಿಯದೊಂದು ಪೇಜು ಮಾಡಿಕೊಡು ಎಂದರು. ಅದನ್ನು ನೋಡಿ ಯಾರಾದರೂ ಅಲ್ಲಿ ಈಗ ಏನು ಉಳಿದಿದೆ ಎಂದು ಬರೆದಾರು ಎಂಬ ಆಸೆ.

"ಏನಂತಾರೆ ನಿನ್ನ ಕ್ಲೈಂಟು? ಐಪಿಒ ಯಾವಾಗಂತೆ?" ಎಂದು ಗಂಡ ಆಫೀಸಿನಿಂದ ಬಂದವನೇ ರೇಗಿಸುತ್ತಿದ್ದ.

"ನೀನ್ ಮೊದ್ಲು ಮಗೂನ ಎತ್ಕೋ. ಆಮೇಲ್ ಹೇಳ್ತೀನಿ."

ಅಜ್ಜಿಯ ಹಳ್ಳಿಯಲ್ಲಿ ಇದ್ದದ್ದು ಒಂದೇ ಬೀದಿ. ಎರಡೂ ಕಡೆ ಮರದ ಮನೆಗಳು, ಕೊನೆಗೊಂದು ಮರದ ಶಿಲುಬೆ, ಹಿತ್ತಿಲ ಹಿಂದೆ ಒಂದು ಹೊಂಡ. ನಾರು ಬಿಡಿಸಲು ಅಗಸೆ ಗಿಡಗಳನ್ನು ಅದರಲ್ಲೇ ಕೊಳೆಹಾಕುತ್ತಿದ್ದರು, ಊರೆಲ್ಲ ನಾತ. ಹೊಂಡದ ಅಂಚಿನಲ್ಲಿ ಕತ್ತಿಯಂಥ ಎಲೆಗಳು ಬೆಳೆಯುತ್ತಿದ್ದವು. ಅವನ್ನು ಕಿತ್ತು ತಂದು ಹಿಟ್ಟಿನ ಕೆಳಗೆ ಹಾಸಿ ಬ್ರೆಡ್ ಸುಡುತ್ತಿದ್ದರಂತೆ. ಅಜ್ಜಿ ಆ ಎಲೆಯ, ಬೇರಿನ ಘಾಟನ್ನು ವರ್ಣಿಸುತ್ತಿದ್ದ ಹಾಗೆ ನನಗೆ ಅನುಮಾನ ಬಂತು. ಮೇಲೆ ಹೋಗಿ, ಅಮ್ಮ ಮಗುವಿಗೆಂದು ಕಳಿಸಿದ್ದ ಬಜೆಯ ತುಂಡನ್ನು ತಂದುಕೊಟ್ಟೆ. ಮೂಸಿದರು. ಬಹಳ ಹೊತ್ತು ಮೂಗಿನಿಂದ ತೆಗೆಯಲಿಲ್ಲ.

"ಇದನ್ನೇನು ಮಾಡ್ತೀರಿ ನೀವು?"

"ತೇದು ಮಗೂಗೆ ನೆಕ್ಕಿಸ್ತೀವಿ ಅಜ್ಜಿ. ಮಾತು ಚೆನ್ನಾಗಿ ಬರ್ಲಿ ಅಂತ."

"ನಾವು ಬ್ರೆಡ್ಡಿಗೆ ಹಾಸೋದನ್ನ ಮಗೂಗೆ ತಿನ್ನಿಸ್ತೀರಾ?" ಎಂದು ನಕ್ಕರು. ತುಂಡನ್ನು ಹಿಂದಿರುಗಿಸಲಿಲ್ಲ. ನಾನೂ ಕೇಳಲಿಲ್ಲ.

ನೆನಪಿನಿಂದ ಅವರು ಊರಿನ ನಕ್ಷೆ ಬರೆದರು. ನಾನು ಮೌಸ್ ಹಿಡಿದು ಒಂದೊಂದೇ ಮನೆ ಮೂಡಿಸಿದೆ. ಆ ಚಿತ್ರ ಎಷ್ಟು ಭಾರವಾಯಿತೆಂದರೆ, ಪೇಜು ತೆರೆದು ಅಡುಗೆಮನೆಗೆ ಹೋಗಿ ಟೀ ಮಾಡಿಕೊಂಡು ಬಂದರೂ ಅರ್ಧ ಬೀದಿ ಮಾತ್ರ ಪರದೆಗೆ ಬಂದಿರುತ್ತಿತ್ತು.

ತಿಂಗಳುಗಟ್ಟಲೆ ಯಾರೂ ಬರೆಯಲಿಲ್ಲ. "ಬಂತಾ?" ಎಂದು ಅಜ್ಜಿ ಮೆಟ್ಟಿಲು ಹತ್ತಿ ಬರುತ್ತಿದ್ದರು. ಇಲ್ಲ ಎನ್ನಲು ನನಗೇ ಬೇಸರವಾಗುತ್ತಿತ್ತು. ಅಷ್ಟರಲ್ಲಿ ಗಂಡನ ಆಫೀಸಿನಲ್ಲಿ ಜನರನ್ನು ತೆಗೆಯಲು ಶುರುಮಾಡಿದ್ದರು. ಅವನು ಐಪಿಒ ಮಾತು ಬಿಟ್ಟಿದ್ದ.

ಕೊನೆಗೊಂದು ಮಧ್ಯಾಹ್ನ, ಅದೇ ಹಳ್ಳಿಯ ಪಕ್ಕದೂರಿನ ಮೇಷ್ಟರೊಬ್ಬರ ಇಮೇಲ್ ಬಂತು. ಅಜ್ಜಿಯನ್ನು ಕೂರಿಸಿ ಓದಿದೆ. ಯುದ್ಧದ ನಂತರ ಸರ್ಕಾರ ಜೌಗು ನೆಲದ ನೀರು ಬಸಿದು, ಮನೆಗಳನ್ನೆಲ್ಲ ಕೆಡವಿ, ಜನರನ್ನು ಬೇರೆ ಕಡೆ ಸಾಲುಮನೆಗಳಿಗೆ ಸಾಗಿಸಿತಂತೆ. ಈಗ ಅಲ್ಲಿ ಬೀಟ್‌ರೂಟ್ ಹೊಲ. ನಡುವೆ ಎಂದೂ ಒಣಗದ ಹೊಂಡವೊಂದಿದೆ, ಕತ್ತಿಯಂಥ ಎಲೆ ಬೆಳೆಯುತ್ತದೆ, ಟ್ರ್ಯಾಕ್ಟರ್ ಅದನ್ನು ಸುತ್ತಿಕೊಂಡು ಹೋಗುತ್ತದೆ.

"ನಮ್ಮ ಅಡುಗೆಮನೆ ಬಾಗಿಲು ಅದರ ಎದುರಿಗೇ ಇತ್ತು," ಎಂದರು ಅಜ್ಜಿ. ಪರದೆಯ ಮೇಲಿನ ಬೀದಿಗೆ ಬೆರಳು ತೋರಿಸಿ, "ಮನೆಗಳನ್ನ ಅಳಿಸಿಬಿಡು."

"ಇರ್ಲಿ ಬಿಡಿ ಅಜ್ಜಿ, ನೆನಪಿಗೆ."

"ಬೇಡ. ಹುಡುಕಿಕೊಂಡು ಹೋದವರು ಸುಮ್ನೆ ಅಲೆದಾಡಬಾರದು."

ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಪಕ್ಕದಲ್ಲಿ ಕೂತರು. ಒಂದೊಂದು ಮನೆ ಅಳಿಸುವ ಮೊದಲೂ ಅಲ್ಲಿ ಯಾರಿದ್ದರು ಎಂದು ಹೇಳಿದರು. ಕಮ್ಮಾರ. ಸೂಲಗಿತ್ತಿ. ಯಾರ ಜೊತೆಗೂ ಮಾತಾಡದ ಇಬ್ಬರು ಅಣ್ಣತಮ್ಮಂದಿರು. ಅಜ್ಜಿಯದೇ ಮನೆ ಬಂದಾಗ ನನ್ನ ಕೈ ನಿಂತಿತು.

"ಅದೂನೂ," ಎಂದರು.

ಸಂಜೆ ಗಂಡ ಬಂದು ಶೂಸು ಕೂಡ ಬಿಚ್ಚದೆ ಪರದೆ ನೋಡಿದ. ಖಾಲಿ ಹೊಲದ ನಡುವೆ ಒಂದು ಹಸಿರು ಹೊಂಡ.

"ಪರ್ವಾಗಿಲ್ವೇ," ಎಂದ ಸುಸ್ತಾಗಿ, "ಈಗ ಬೇಗ ಓಪನ್ ಆಗ್ತಿದೆ."