ತೆಗೆಸಿದ ಪುಟ

ಕಡಲಲ್ಲಿ ನಿಲ್ಲಿಸೋ ಗಾಳಿಯಂತ್ರಗಳಿಗೆ ಹವಾಮಾನ ಬದಲಾದರೆ ಏನಾಗುತ್ತೆ ಅಂತ ವರದಿ ಬರೆಯೋದು ನನ್ನ ಕೆಲಸ. ಕಡಲೇ ಇಲ್ಲದ ತುಮಕೂರಲ್ಲಿ ಕೂತು ಬರೀತೀನಿ. ಈ ಸಲ ಬೈಂಡಿಂಗ್‌ಗೆ ಕೊಟ್ಟ ಮೇಲೆ ನಮ್ಮ ಸಾಹೇಬರ ಫೋನು ಬಂತು: "ಆ ನಲವತ್ತೊಂದನೇ ಪುಟ ತೆಗೆಸಿಬಿಡಿ. ಬಂಡವಾಳ ಹಾಕೋರು ಹೆದರ್ತಾರೆ."

ಜೆರಾಕ್ಸ್ ಅಂಗಡಿಯ ರಹಮತ್ ಭಾಯ್ ಐದೂ ಪ್ರತಿಯಿಂದ ಆ ಹಾಳೆ ಎಳೆದು ತೆಗೆದರು. ಅದೊಂದು ನಕ್ಷೆ. ಸಮುದ್ರ ಅರ್ಧಕ್ಕರ್ಧ ಕೆಂಪು.

"ಕೆಂಪು ಅಂದ್ರೇನು ಸಾರ್?"

"ಮುಂದೆ ಚಂಡಮಾರುತ ಜೋರಾಗೋ ಜಾಗ."

ಅವರು ಕನ್ನಡಕ ಏರಿಸಿ ದಡದ ಊರಿನ ಹೆಸರು ಹುಡುಕಿದರು. "ನಮ್ ತಮ್ಮ ವೆಲ್ಡರು. ಇದೇ ಜಾಗದಲ್ಲಿ ಕಂಬ ಊರೋ ಕೆಲ್ಸಕ್ಕೆ ಹೋಗ್ತಾವ್ನೆ. ಕುಣಿಗಲ್ ಕೆರೆ ಬಿಟ್ರೆ ಬೇರೆ ನೀರು ಕಂಡವ್ನಲ್ಲ."

ಪುಟ ವಾಪಸ್ ಸೇರಿಸಿ ಅನ್ನಬಹುದಿತ್ತು. ಅನ್ನಲಿಲ್ಲ.

"ನಿಮಗಿದು ಬೇಡ ತಾನೆ?" ಅಂತ ಕೇಳಿ, ಒಂದು ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

ವರದಿ ಎಲ್ಲರಿಗೂ ಮೆಚ್ಚುಗೆ ಆಯಿತಂತೆ. ಆ ಐದು ಪ್ರತಿಗಳನ್ನು ಯಾರಾದರೂ ಬಿಚ್ಚಿ ನೋಡಿದರೋ ಇಲ್ಲವೋ ಗೊತ್ತಿಲ್ಲ. ನಾನು ಬರೆದದ್ದರಲ್ಲಿ ಒಬ್ಬ ಮನುಷ್ಯ ಉಸಿರು ಬಿಗಿಹಿಡಿದು ಓದಿದ್ದು ನಾನೇ ತೆಗೆಸಿದ ಆ ಒಂದು ಪುಟವನ್ನು ಮಾತ್ರ.