ಭಾಗ್ಯಳಿಗೆ ಕೇಳಿಸಿದ್ದು

ಹಾಜರಿ ಪುಸ್ತಕ ಮುಚ್ಚುವ ಮೊದಲೇ ನಾಲ್ಕಾರು ಕೆಲಸ ಹೇಳಿಬಿಡುವುದು ನನ್ನ ಹಳೆಯ ಚಾಳಿ. ತೊಂಬತ್ತರ ದಶಕದಲ್ಲಿ ಕಣಕಟ್ಟೆಯ ಹತ್ತಿರದ ಶಾಲೆಯೊಂದರಲ್ಲಿ ಮೂರನೆಯ ತರಗತಿಗೆ ಪಾಠ ಹೇಳುತ್ತಿದ್ದಾಗ, ‘ಪುಸ್ತಕ ಮೇಜಿನ ಮೇಲಿಟ್ಟು, ಬೋರ್ಡು ಒರೆಸಿ, ಕಿಟಕಿ ಮುಚ್ಚು’ ಎಂದು ಒಂದೇ ಉಸಿರಿಗೆ ಹೇಳಿದರೆ, ಭಾಗ್ಯ ಎಂಬ ಹುಡುಗಿ ಪುಸ್ತಕವನ್ನಿಟ್ಟು ಸುಮ್ಮನೆ ನಿಂತುಬಿಡುತ್ತಿದ್ದಳು. ಪ್ರಶ್ನೆ ಕೇಳಿದರೆ ಎರಡು ಬಿಡಿ ಪದಗಳು, ಆಮೇಲೆ ಮೌನ. ಮೊಂಡುತನವೆಂದು ನೀವೂ ಅಂದುಕೊಳ್ಳುತ್ತಿದ್ದಿರೇನೋ. ಆದರೆ ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದವಳು ನಾನು, ಅದೂ ಎಷ್ಟೋ ಸಲ.

ಆ ವರ್ಷ ಮಕ್ಕಳನ್ನು ಹಳೇಬೀಡಿಗೆ ಕರೆದೊಯ್ದೆವು. ಬಸ್ಸಿನಿಂದ ಇಳಿಸುವಾಗ, “ಕೆರೆ ಹತ್ರ ಹೋಗಬೇಡಿ, ಶಿಲ್ಪ ಮುಟ್ಟಬೇಡಿ, ಸಾಲಾಗಿ ಬನ್ನಿ” ಎಂದು ಕೂಗಿದೆ. ನಂದಿ ಮಂಟಪದ ಬಳಿ ತಲೆ ಎಣಿಸಿದರೆ ಒಂದು ಕಡಿಮೆ. ಕೆರೆಯ ಕಡೆಗೆ ಓಡಿದೆ. ಭಾಗ್ಯ ಮೊಣಕಾಲುದ್ದ ನೀರಿನಲ್ಲಿದ್ದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ಅವಳ ಲಂಗವನ್ನು ಬಿಗಿಯಾಗಿ ಹಿಡಿದಿದ್ದರು.

“ಯಾಕೆ ಬಂದೆ ಇಲ್ಲಿಗೆ?” ಎಂದೆ, ಕೈಯೆತ್ತಿ.

ಅವಳು ನನ್ನ ತುಟಿಯನ್ನೇ ನೋಡುತ್ತ ಹೇಳಿದಳು: “ಮಿಸ್... ಕೆರೆ... ಹೋಗು... ಹೇಳಿದ್ರಿ.”

ಎತ್ತಿದ ಕೈ ಅಲ್ಲೇ ನಿಂತಿತು. ಅವಳ ಮುಖದಲ್ಲಿದ್ದುದು ಮೊಂಡುತನವಲ್ಲ, ಹೇಳಿದ ಕೆಲಸ ಮಾಡಿ ಶಹಭಾಸ್‌ಗೆ ಕಾಯುವ ಮಗುವಿನ ನಿರೀಕ್ಷೆ. ನಮ್ಮ ಭಾಷೆಯಲ್ಲಿ ‘ಬೇಡ’ ಎಂಬುದು ಮಾತಿನ ಕೊನೆಗೆ ಬರುತ್ತದೆ. ಆ ಕೊನೆ ಅವಳನ್ನು ತಲುಪಿರಲೇ ಇಲ್ಲ.

ಮಾರನೆಯ ದಿನ ಶಾಲೆಗೆ ಕರೆಸಿದಾಗ ಅವಳ ತಾಯಿ ಜಯಮ್ಮ ನೆಲ ನೋಡುತ್ತ ಹೇಳಿದರು: “ಮನೇಲೂ ಹಿಂಗೇಯ ಮೇಡಮ್ಮೋರೆ. ಕಿವಿ ಕೇಳಾಕಿಲ್ಲ ಅನ್ನೋಣ ಅಂದ್ರೆ, ಬಸ್ಸಿನ ಸದ್ದಿಗೆ ಎಲ್ರಿಗಿಂತ ಮುಂಚೆ ಓಡ್ತಾಳೆ. ಬೇಕಂತ್ಲೇ ಮಾಡ್ತಾಳೆ ಅಂತ ನಾನೂ ಹೊಡ್ದಿದೀನಿ.”

ಇಬ್ಬರೂ ಅವಳನ್ನು ಮೈಸೂರಿಗೆ ಕರೆದೊಯ್ದೆವು. ಅಲ್ಲಿನ ವಾಕ್-ಶ್ರವಣ ಆಸ್ಪತ್ರೆಯಲ್ಲಿ ಪರೀಕ್ಷಿಸಿದ ತಜ್ಞೆ, “ಕಿವಿ ಸರಿಯಾಗಿದೆ, ಬುದ್ಧಿಯೂ ಚುರುಕು. ಮಾತನ್ನು ಅರ್ಥಮಾಡಿಕೊಳ್ಳೋದು, ಜೋಡಿಸೋದು ಅವಳಿಗೆ ಕಷ್ಟ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಕೈಯಲ್ಲೂ ತೋರಿಸಿ, ಉತ್ತರಕ್ಕೆ ಕಾಯಿರಿ” ಎಂದರು. ಅಷ್ಟೇ. ಅಷ್ಟು ಗೊತ್ತಿಲ್ಲದೆ ನಾನೊಂದು ಮಗುವನ್ನು ನೀರಿಗೆ ಕಳಿಸಿದ್ದೆ.

ಕಾಯುವುದನ್ನು ಕಲಿಯಲು ನನಗೇ ತಿಂಗಳುಗಳು ಹಿಡಿದವು. ಜಯಮ್ಮನೋ, ಪೊರಕೆಗೆ ತೆಂಗಿನಗರಿ ಸೀಳುತ್ತಲೇ ಮಗಳಿಗೆ ಒಂದೊಂದು ವಾಕ್ಯವನ್ನೂ ರೂಢಿ ಮಾಡಿಸುತ್ತಿದ್ದರು. ಮರುವರ್ಷ ಅದೇ ಮಕ್ಕಳಿಗೆ ನಾಲ್ಕನೆಯ ತರಗತಿಯಲ್ಲೂ ನಾನೇ ಇದ್ದೆ. ಒಂದು ಬೆಳಿಗ್ಗೆ ಮೈಮರೆತು ಮತ್ತೆ ಗಡಿಬಿಡಿಯಲ್ಲಿ ಹೇಳುತ್ತಿದ್ದಾಗ ಭಾಗ್ಯ ಎದ್ದು ನಿಂತಳು.

“ಮಿಸ್, ಒಂದೊಂದೇ ಹೇಳಿ.”

ಎಲ್ಲೂ ತುಂಡಾಗದ ವಾಕ್ಯ. ನನ್ನ ಕಣ್ಣು ತುಂಬುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಇನ್ನೊಂದು ಕೈ ಮೆಲ್ಲಗೆ ಮೇಲೆದ್ದಿತು. ಪೆದ್ದಿಯೆಂದು ನಾನೇ ಅಲ್ಲಿಗೆ ಕಳಿಸಿದ್ದ ಸಾವಿತ್ರಿ.

“ನಂಗೂ, ಮಿಸ್.”